ಗೇರ್ ಯಾವಾಗ ಬದಲಿಸಬೇಕು, ರೆವ್ ಲಿಮಿಟರ್ ಹೇಗೆ ಕೆಲಸ ಮಾಡುತ್ತದೆ: ಜೋರಾಗಿ ಓಡುವ ಕಾರಿಗೆ ಒಂದು ಸಮಗ್ರ ಮಾರ್ಗದರ್ಶಿ

ತುಮಕೂರಿನ ಅಂತರಸನಹಳ್ಳಿ ಕಡೆ ನಾನು ಕಾರು ಬಿಡುವ ಗ್ಯಾರೇಜಿನಲ್ಲಿ ಒಂದು ಹಳೇ ಸ್ಟೀಲ್ ತಟ್ಟೆ ಇದೆ. ಅದರಲ್ಲಿ ನಾಲ್ಕು ವಾಲ್ವ್, ಒಂದು ಪಿಸ್ಟನ್. ವಾಲ್ವ್ ಕಡ್ಡಿ ಬಾಗಿರುವುದು ನೋಡಿದ ತಕ್ಷಣ ಕಾಣುವುದಿಲ್ಲ, ಗಾಜಿನ ಮೇಲೆ ಇಟ್ಟು ಉರುಳಿಸಿದರೆ ತಲೆ ಓಲಾಡುತ್ತದೆ. ಪಿಸ್ಟನ್ ಮೇಲಿನ ಗುರುತು ಮಾತ್ರ ಸ್ಪಷ್ಟವಾಗಿದೆ. ಎರಡು ಕಡೆ ಅರ್ಧಚಂದ್ರದ ಹಾಗೆ ಕಚ್ಚು ಬಿದ್ದಿದೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ.

ಇವು ಬಂದ ಕಾರಿನ ಹುಡುಗ ಥರ್ಡ್‌ನಲ್ಲಿ ಪೂರ್ತಿ ಎಳೆದು ಫೋರ್ತ್ ಹಾಕಲು ಹೋಗಿದ್ದ. ಆತುರದಲ್ಲಿ ಕೈ ಎಡಕ್ಕೆ ಒತ್ತಿತು, ಸೆಕೆಂಡ್ ಬಿತ್ತು, ಕ್ಲಚ್ ಬಿಟ್ಟ. ಅಷ್ಟೇ. ಹೆಡ್ ಬಿಚ್ಚಿದ ದಿನ ನಾನೂ ಅಲ್ಲೇ ಇದ್ದೆ.

"ಅಣ್ಣ, ಲಿಮಿಟರ್ ಇತ್ತಲ್ವಾ? ಅದು ಯಾಕೆ ಹಿಡೀಲಿಲ್ಲ?" ಅಂತ ಹುಡುಗ ಕೇಳಿದ.

"ಲಿಮಿಟರ್ ಪೆಟ್ರೋಲ್ ನಿಲ್ಲಿಸುತ್ತೆ ಕಣಪ್ಪ. ಚಕ್ರ ನಿಲ್ಲಿಸಲ್ಲ" ಅಂದರು ಮೆಕ್ಯಾನಿಕ್.

ಈ ಬರಹ ಹುಟ್ಟಿದ್ದು ಆ ಒಂದು ಮಾತಿನಿಂದ. ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ಲಿಮಿಟರ್ ಇದೆ, ಇನ್ನೇನೂ ಆಗಲ್ಲ ಅಂತ ನಂಬಿಕೊಂಡು ಓಡಿಸುವವರು ತುಂಬಾ ಜನ. ಮೀಟರ್‌ನಲ್ಲಿ ಎಂಜಿನ್ನಿನ ಮಿತಿ ತೋರಿಸುವ ಕೆಂಪು ಗೆರೆ ಮುಟ್ಟಿಸಿದರೆ ಮಾತ್ರ ಕಾರು ಜೋರಾಗಿ ಹೋಗುತ್ತದೆ ಅಂದುಕೊಂಡವರೂ ಅಷ್ಟೇ ಜನ. ಎರಡೂ ಅರ್ಧ ಸತ್ಯ. ಗೇರ್ ಯಾವಾಗ ಬದಲಿಸಬೇಕು ಅನ್ನುವುದನ್ನು ಕೆಂಪು ಗೆರೆ ಹೇಳುವುದಿಲ್ಲ, ಮುಂದಿನ ಗೇರ್ ನಿಮಗೆ ಎಷ್ಟು ಎಳೆತ ಕೊಡುತ್ತದೆ ಅನ್ನುವುದು ಹೇಳುತ್ತದೆ. ಅದನ್ನು ನಿಮ್ಮ ಕಾರಿಗೆ ನೀವೇ ಲೆಕ್ಕ ಹಾಕಿ ತಿಳಿದುಕೊಳ್ಳಬಹುದು. ಒಂದು ನೋಟ್‌ಬುಕ್, ಮೊಬೈಲ್ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು: ಕಾರಿನ ಬುಕ್ ತೆಗೆದು ನಾಲ್ಕು ಅಂಕಿ ಬರೆದುಕೊಳ್ಳಿ

ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಬಿದ್ದಿರುವ ಆ ಬುಕ್ ಹೊರಗೆ ತೆಗೆಯಿರಿ. ಗರಿಷ್ಠ ಪವರ್ ಎಷ್ಟು, ಅದು ಯಾವ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಬರುತ್ತದೆ? ಗರಿಷ್ಠ ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ? ಈ ನಾಲ್ಕು ಅಂಕಿ ಬರೆದುಕೊಳ್ಳಿ. ಪಕ್ಕದಲ್ಲಿ ಆರ್‌ಪಿಎಂ ಮೀಟರ್‌ನಲ್ಲಿ ಕೆಂಪು ಎಲ್ಲಿಂದ ಶುರು ಅಂತಲೂ ಬರೆಯಿರಿ.

ಟಾರ್ಕ್ ಅಂದರೆ ಎಂಜಿನ್ ಒಂದು ಕ್ಷಣಕ್ಕೆ ತಿರುಚುವ ಬಲ. ಪವರ್ ಅಂದರೆ ಆ ಬಲವನ್ನು ಎಷ್ಟು ಬೇಗ ಬೇಗ ಕೊಡುತ್ತದೆ ಅನ್ನುವುದು. ಎರಡಕ್ಕೂ ನೇರ ನಂಟಿದೆ. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್‌ನಲ್ಲಿ (ಅಶ್ವಶಕ್ತಿಯ ಅಳತೆ) ಪವರ್ ಸಿಗುತ್ತದೆ. ಈ ಒಂದು ಸೂತ್ರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಉದಾಹರಣೆ ನೋಡಿ. ಹ್ಯುಂಡೈ ಐ20 ಎನ್ ಲೈನ್‌ನ 1 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ ಇರುವ) ಎಂಜಿನ್ 1,500ರಿಂದ 4,000 ಆರ್‌ಪಿಎಂವರೆಗೆ 172 ನ್ಯೂಟನ್ ಮೀಟರ್ ಕೊಡುತ್ತದೆ, 6,000ದಲ್ಲಿ 120 ಪಿಎಸ್. ಸೂತ್ರ ತಿರುಗಿಸಿ ಹಾಕಿದರೆ 6,000ದಲ್ಲಿ ಟಾರ್ಕ್ ಸುಮಾರು 140ಕ್ಕೆ ಇಳಿದಿದೆ ಅಂತ ಗೊತ್ತಾಗುತ್ತದೆ. ಅಂದರೆ ಟಾರ್ಕ್ ಕಡಿಮೆಯಾಗುತ್ತಾ ಬಂದರೂ ಪವರ್ ಏರುತ್ತಾ ಹೋಗಿದೆ. "ಟಾರ್ಕ್ ಇಳಿಯಲು ಶುರುವಾದ ಕೂಡಲೇ ಗೇರ್ ಬದಲಿಸು" ಅಂತ ಹೇಳುವವರ ಮಾತು ತಪ್ಪಾಗುವುದು ಇಲ್ಲೇ.

ನಾವು ಸಮುದ್ರಕ್ಕಿಂತ 800 ಮೀಟರ್ ಚಿಲ್ಲರೆ ಎತ್ತರದಲ್ಲಿದ್ದೇವೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಪವರ್ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗಿರುವ ಕಾರಣಕ್ಕೆ. ಹಾಗಾಗಿ ಬುಕ್‌ನಲ್ಲಿರುವ ಅಂಕಿ ಇಲ್ಲಿ ಪೂರ್ತಿ ಸಿಗುವುದಿಲ್ಲ. ಆದರೆ ಪವರ್ ಏರಿ ಇಳಿಯುವ ರೀತಿ ಹೆಚ್ಚೇನೂ ಬದಲಾಗಲ್ಲ, ಹಾಗಾಗಿ ಗೇರ್ ಬದಲಿಸುವ ಜಾಗವೂ ಬದಲಾಗಲ್ಲ. ಟರ್ಬೊ ಇದ್ದರೆ ಈ ನಷ್ಟವನ್ನು ಅದು ಬಹಳಷ್ಟು ತುಂಬಿಕೊಡುತ್ತದೆ.

ಆಮೇಲೆ: ಗೇರ್ ಬದಲಿಸಿದಾಗ ಮುಳ್ಳು ಎಲ್ಲಿಗೆ ಬೀಳುತ್ತದೆ ಅಂತ ಅಳೆಯಿರಿ

ಗೇರ್ ರೇಷಿಯೊ, ಅಂದರೆ ಆ ಗೇರ್ ಎಂಜಿನ್ನಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವ ಅಂಕಿ, ಬುಕ್‌ನಲ್ಲಿ ಸಿಗದಿದ್ದರೂ ತೊಂದರೆ ಇಲ್ಲ. ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗ ಹಿಡಿದು ಸೆಕೆಂಡ್, ಥರ್ಡ್, ಫೋರ್ತ್ ಮೂರರಲ್ಲೂ ಆರ್‌ಪಿಎಂ ಎಷ್ಟು ತೋರಿಸುತ್ತದೆ ಅಂತ ಪಕ್ಕದಲ್ಲಿ ಕೂತವರಿಂದ ಬರೆಸಿ. ನೀವು ರಸ್ತೆ ನೋಡಿ, ಅವರು ಮೀಟರ್ ನೋಡಲಿ.

ನಾನು ಇಲ್ಲಿ ಲೆಕ್ಕಕ್ಕೆ ಅಂತ ಒಂದು ಕಾರು ಇಟ್ಟುಕೊಳ್ಳುತ್ತೇನೆ. ಅದರಲ್ಲಿ 60ರ ವೇಗಕ್ಕೆ ಸೆಕೆಂಡ್‌ನಲ್ಲಿ 4,040, ಥರ್ಡ್‌ನಲ್ಲಿ 2,800, ಫೋರ್ತ್‌ನಲ್ಲಿ 2,130 ಬಂತು ಅನ್ನಿ. 2,800ನ್ನು 4,040ರಿಂದ ಭಾಗಿಸಿದರೆ 0.69. ಸೆಕೆಂಡ್‌ನಿಂದ ಥರ್ಡ್‌ಗೆ ಹೋದಾಗ ಆರ್‌ಪಿಎಂ 0.69 ಪಾಲಿಗೆ ಬೀಳುತ್ತದೆ ಅಂತ ಅರ್ಥ. 6,500ಕ್ಕೆ ಬದಲಿಸಿದರೆ ಥರ್ಡ್‌ನಲ್ಲಿ ಮುಳ್ಳು ಸುಮಾರು 4,500ಕ್ಕೆ ಬಂದು ನಿಲ್ಲುತ್ತದೆ. ಥರ್ಡ್‌ನಿಂದ ಫೋರ್ತ್‌ಗೆ 0.76, ಅಂದರೆ 6,500ರಿಂದ ಸುಮಾರು 4,950ಕ್ಕೆ.

ಇದರಲ್ಲಿ ಒಂದು ವಿಷಯ ಗಮನಿಸಿ. ಕೆಳಗಿನ ಗೇರ್‌ಗಳ ನಡುವೆ ದೊಡ್ಡ ಜಿಗಿತ, ಮೇಲಿನ ಗೇರ್‌ಗಳ ನಡುವೆ ಚಿಕ್ಕ ಜಿಗಿತ. ಫಸ್ಟ್‌ನಿಂದ ಸೆಕೆಂಡ್‌ಗೆ ಹೋಗುವಾಗ ಬಹಳ ಕಾರುಗಳಲ್ಲಿ ಆರ್‌ಪಿಎಂ ಹತ್ತಿರತ್ತಿರ ಅರ್ಧಕ್ಕೇ ಬೀಳುತ್ತದೆ. ಆದ್ದರಿಂದ ಎಲ್ಲ ಗೇರ್‌ಗೂ ಒಂದೇ ಆರ್‌ಪಿಎಂ ಅಂತ ಇಟ್ಟುಕೊಳ್ಳುವುದು ಸರಿ ಬರುವುದಿಲ್ಲ. ಕೆಳಗಿನ ಗೇರ್‌ಗಳಲ್ಲಿ ಜಾಸ್ತಿ ಎಳೆಯಬೇಕು, ಮೇಲಿನ ಗೇರ್‌ಗಳಲ್ಲಿ ಸ್ವಲ್ಪ ಮೊದಲೇ ಬದಲಿಸಬಹುದು.

ಈಗ ನಿಜವಾದ ಲೆಕ್ಕ

ಗೇರ್‌ಗಳನ್ನು ಹೋಲಿಸಲು ಚಕ್ರಕ್ಕೆ ಹೋಗುವ ಬಲವನ್ನು ಎಂಜಿನ್ನಿನ ಟಾರ್ಕ್ ಗುಣಿಸು ಗೇರ್ ರೇಷಿಯೊ ಅಂತ ಇಟ್ಟುಕೊಳ್ಳಿ. ಈಗಿನ ಗೇರ್‌ನಲ್ಲಿ ಚಕ್ರಕ್ಕೆ ಹೋಗುತ್ತಿರುವ ಬಲ, ಮುಂದಿನ ಗೇರ್ ಹಾಕಿದರೆ ಸಿಗುವ ಬಲಕ್ಕಿಂತ ಜಾಸ್ತಿ ಇರುವವರೆಗೂ ಈಗಿನ ಗೇರ್‌ನಲ್ಲೇ ಇರಿ. ಎರಡೂ ಸಮ ಆದ ಕ್ಷಣ ಬದಲಿಸಿ. ಪೂರ್ತಿ ನಿಯಮ ಇಷ್ಟೇ.

ನಮ್ಮ ಲೆಕ್ಕದ ಕಾರಿನಲ್ಲಿ ಸೆಕೆಂಡ್ 1.95, ಥರ್ಡ್ 1.35, ಫೋರ್ತ್ 1.03 ಅಂತಿರಲಿ. ಮೊದಲು ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಹಾಕಿ ನೋಡೋಣ. 4,500ರಲ್ಲಿ 145 ನ್ಯೂಟನ್ ಮೀಟರ್, 6,500ರಲ್ಲಿ 125, ಲಿಮಿಟರ್ ಹತ್ತಿರ 6,800ರಲ್ಲಿ 115.

ಸೆಕೆಂಡ್‌ನಲ್ಲಿ 6,500ಕ್ಕೆ: 125 ಗುಣಿಸು 1.95, ಅಂದರೆ 244. ಅಲ್ಲೇ ಥರ್ಡ್ ಹಾಕಿದರೆ: 145 ಗುಣಿಸು 1.35, ಅಂದರೆ 196. ಇನ್ನೂ ಸೆಕೆಂಡೇ ಮೇಲು. 6,800ಕ್ಕೆ ಹೋದರೂ 115 ಗುಣಿಸು 1.95, ಅಂದರೆ 224. ಆಗಲೂ ಸೆಕೆಂಡೇ ಗೆಲ್ಲುತ್ತದೆ. ಹಾಗಾಗಿ ಈ ತರದ ಎಂಜಿನ್ನಿಗೆ ಕೆಂಪು ಗೆರೆಯವರೆಗೆ ಎಳೆಯುವುದೇ ಸರಿ. ಹಳೇ ಹೋಂಡಾ ವಿಟೆಕ್ ಇಟ್ಟುಕೊಂಡವರು "ಮೇಲೆ ಹೋದಷ್ಟೂ ಎಳೆಯುತ್ತೆ" ಅನ್ನುವುದು ಇದೇ ಕಾರಣಕ್ಕೆ, ಅವರ ಮಾತಿನಲ್ಲಿ ತಪ್ಪಿಲ್ಲ.

ಈಗ ಅದೇ ಗೇರ್ ಬಾಕ್ಸ್‌ಗೆ ಚಿಕ್ಕ ಟರ್ಬೊ ಎಂಜಿನ್ ಹಾಕಿ. 6,000ದಲ್ಲಿ 140, ಅಲ್ಲಿಂದ ಮೇಲೆ ಉಸಿರು ಕಟ್ಟಿದ ಹಾಗೆ ಬೇಗ ಇಳಿದು 6,400ರಲ್ಲಿ 110 ಅನ್ನಿ. ಥರ್ಡ್‌ನಲ್ಲಿ 6,000ಕ್ಕೆ: 140 ಗುಣಿಸು 1.35, ಅಂದರೆ 189. ಅಲ್ಲೇ ಫೋರ್ತ್ ಹಾಕಿದರೆ ಮುಳ್ಳು 4,580ಕ್ಕೆ ಬೀಳುತ್ತದೆ, ಅಲ್ಲಿ 160 ಟಾರ್ಕ್ ಇದ್ದರೆ 165. ಇನ್ನೂ ಥರ್ಡೇ ಮೇಲು. ಆದರೆ 6,400ಕ್ಕೆ ಹೋದರೆ ಥರ್ಡ್‌ನಲ್ಲಿ 148, ಫೋರ್ತ್‌ಗೆ ಬಂದರೆ ಅಲ್ಲಿ 155 ಟಾರ್ಕ್‌ಗೆ 160. ಆಟ ತಿರುಗಿಬಿತ್ತು. ಈ ಎರಡರ ನಡುವೆ, 6,200ರ ಆಸುಪಾಸಿನಲ್ಲಿ ಬದಲಿಸಬೇಕು. ಲಿಮಿಟರ್‌ವರೆಗೆ ಎಳೆದರೆ ಸದ್ದು ಜಾಸ್ತಿ, ವೇಗ ಕಡಿಮೆ.

ಡೀಸೆಲ್ ಆದರೆ ಇನ್ನೂ ಬೇಗ. ಕ್ರೆಟಾದ 1.5 ಲೀಟರ್ ಡೀಸೆಲ್ 4,000ದಲ್ಲಿ ಸುಮಾರು 115 ಪಿಎಸ್ ಕೊಡುತ್ತದೆ, ಟಾರ್ಕ್ 250, ಅದೂ 1,500ರಿಂದ 2,750ರವರೆಗೆ. ಇಂಥ ಎಂಜಿನ್ನನ್ನು 4,000 ದಾಟಿಸಿ ತುಂಬಾ ಮೇಲಕ್ಕೆ ಹಿಂಡುವುದರಲ್ಲಿ ಏನೂ ಸಿಗುವುದಿಲ್ಲ.

ಪೂರ್ತಿ ಟಾರ್ಕ್ ನಕ್ಷೆ ನಿಮ್ಮ ಹತ್ತಿರ ಇಲ್ಲದಿದ್ದರೆ ಒಂದು ಅಂದಾಜು ಹೇಳುತ್ತೇನೆ. ಗರಿಷ್ಠ ಪವರ್ ಬರುವ ಆರ್‌ಪಿಎಂಗಿಂತ ಸ್ವಲ್ಪ ಮೇಲೆ ಹೋಗಿ ಬದಲಿಸಿ. ಟರ್ಬೊಗೆ 200 ಮೇಲೆ ಸಾಕು, ಟರ್ಬೊ ಇಲ್ಲದ್ದಕ್ಕೆ 300-400, ಅಷ್ಟರಲ್ಲಿ ಕೆಂಪು ಬಂದರೆ ಅಲ್ಲಿಗೇ ನಿಲ್ಲಿಸಿ. ಗರಿಷ್ಠ ಪವರ್‌ಗೆ ಸರಿಯಾಗಿ ಬದಲಿಸಿದರೆ ಮುಳ್ಳು ಬಿದ್ದ ಜಾಗದಲ್ಲಿ ಪವರ್ ತುಂಬಾ ಕಡಿಮೆ ಇರುತ್ತದೆ. ಶಿಖರದ ಆ ಕಡೆ ಸ್ವಲ್ಪ ಇಳಿದ ಮೇಲೆ ಬದಲಿಸಿದರೆ ಈ ಕಡೆ ಸ್ವಲ್ಪ ಮೇಲೆಯೇ ಬಂದು ಸೇರುತ್ತೀರಿ.

ಎಂಜಿನ್ ಬಿಸಿಯಾಗುವವರೆಗೆ ಇದ್ಯಾವುದೂ ಬೇಡ

ಬೆಳಿಗ್ಗೆ ಬಟವಾಡಿಯಲ್ಲಿ ಕಾರು ತೆಗೆದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಬರತೊಡಗಿರುತ್ತದೆ. ಆದರೆ ಅದು ತೋರಿಸುವುದು ನೀರಿನ ಬಿಸಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆಯಿಲ್ ಗಟ್ಟಿಯಾಗಿರುವಾಗ ಬೇರಿಂಗ್‌ಗಳಿಗೆ, ಟರ್ಬೊಗೆ ಬೇಗ ಸರಿಯಾಗಿ ಹರಿಯುವುದಿಲ್ಲ. ಹೊರಟು 10-15 ನಿಮಿಷ 3,000 ದಾಟಿಸದೆ ಓಡಿಸಿ. ಬಿಎಂಡಬ್ಲ್ಯುನ ಕೆಲವು ಎಂ ಕಾರುಗಳಲ್ಲಿ ಆರ್‌ಪಿಎಂ ಮೀಟರ್ ಸುತ್ತ ಚಿಕ್ಕ ದೀಪಗಳಿರುತ್ತವೆ. ಎಂಜಿನ್ ತಣ್ಣಗಿದ್ದಾಗ ಕೆಂಪು ಎಚ್ಚರಿಕೆ ಕೆಳಗಿನಿಂದಲೇ ಶುರುವಾಗಿ ಬಿಸಿಯಾದಂತೆ ಒಂದೊಂದೇ ಆರಿ ಮೇಲೆ ಸರಿಯುತ್ತದೆ. ನಮ್ಮ ಕಾರಿನಲ್ಲಿ ಆ ದೀಪ ಇಲ್ಲ, ಹಾಗಾಗಿ ಆ ತಾಳ್ಮೆ ನಮ್ಮದೇ ಆಗಬೇಕು.

ಕೈ ಕಾಲಿನ ಕೆಲಸ

ಲೆಕ್ಕದಲ್ಲಿ 6,500 ಬಂತು ಅಂತ ಮುಳ್ಳು 6,500ಕ್ಕೆ ಬಂದಾಗ ಕ್ಲಚ್ ಒತ್ತಲು ಹೋದರೆ ತಡವಾಗಿರುತ್ತದೆ. ಕಣ್ಣು ನೋಡಿ ಕಾಲು ಅಲ್ಲಾಡುವುದಕ್ಕೆ ಕಾಲು ಸೆಕೆಂಡ್ ಬೇಕು. ಫಸ್ಟ್ ಗೇರ್‌ನಲ್ಲಿ ಪೂರ್ತಿ ಒತ್ತಿದಾಗ ಅಷ್ಟರಲ್ಲಿ ಮುಳ್ಳು 400-500 ಮೇಲೆ ಹೋಗಿಬಿಟ್ಟಿರುತ್ತದೆ. ಹಾಗಾಗಿ ಫಸ್ಟ್‌ನಲ್ಲಿ 400 ಮೊದಲೇ ಕೈ ಕಾಲು ಶುರುಮಾಡಬೇಕು, ಸೆಕೆಂಡ್‌ನಲ್ಲಿ 200, ಥರ್ಡ್‌ನಲ್ಲಿ 100 ಸಾಕು. ಲೆಕ್ಸಸ್ ಎಲ್‌ಎಫ್‌ಎ ಅನ್ನುವ ಕಾರಿನ ಎಂಜಿನ್ ಐಡಲ್‌ನಿಂದ 9,000ಕ್ಕೆ 0.6 ಸೆಕೆಂಡಿನಲ್ಲಿ ಏರುತ್ತಿತ್ತು, ನಿಜವಾದ ಮುಳ್ಳಿಗೆ ಆ ವೇಗ ಹಿಡಿಯಲು ಆಗದು ಅಂತ ಅದಕ್ಕೆ ಡಿಜಿಟಲ್ ಮೀಟರನ್ನೇ ಇಟ್ಟರು. ನಮ್ಮ ಮುಳ್ಳುಗಳೂ ಫಸ್ಟ್ ಗೇರ್‌ನಲ್ಲಿ ಎಂಜಿನ್ನಿಗಿಂತ ಸ್ವಲ್ಪ ಹಿಂದೆಯೇ ಇರುತ್ತವೆ.

ಮುಳ್ಳು ನೋಡುವುದನ್ನು ನಿಧಾನಕ್ಕೆ ಬಿಡಬೇಕು. ಒಂದು ವಾರ ಕಿಟಕಿ ಇಳಿಸಿ, ಹಾಡು ಆಫ್ ಮಾಡಿ ಓಡಿಸಿ. ಸೆಕೆಂಡ್ ಗೇರ್‌ನಲ್ಲಿ 5,000 ಹೇಗೆ ಕೇಳಿಸುತ್ತದೆ, 6,000 ಹೇಗೆ ಕೇಳಿಸುತ್ತದೆ ಅಂತ ಕಿವಿಗೆ ಹತ್ತುತ್ತದೆ. ಆಮೇಲೆ ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಬದಲಿಸುವ ಕ್ರಮ ಹೀಗೆ. ಆಕ್ಸಿಲರೇಟರ್ ಬಿಡುವುದು, ಕ್ಲಚ್ ಒತ್ತುವುದು ಒಟ್ಟಿಗೆ ಆಗಬೇಕು. ಕ್ಲಚ್ ಮೊದಲು ಹೋದರೆ ಹೊರೆ ಇಲ್ಲದ ಎಂಜಿನ್ ಕಿರುಚಿ ಮೇಲೇರುತ್ತದೆ. ಲಿವರ್ ಸರಿಸಿ, ಕ್ಲಚ್ ಬಿಡುತ್ತಾ ಆಕ್ಸಿಲರೇಟರ್ ಕೊಡಿ. ಲಿವರನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಆ ತಟ್ಟೆಯಲ್ಲಿರುವ ವಾಲ್ವ್‌ಗಳು ಬಾಗಿದ್ದೇ ಇದರಿಂದ. ನ್ಯೂಟ್ರಲ್‌ಗೆ ಬಂದ ಲಿವರನ್ನು ಒಳಗಿನ ಸ್ಪ್ರಿಂಗ್ ತಾನಾಗೇ ಥರ್ಡ್-ಫೋರ್ತ್ ಸಾಲಿಗೆ ತಂದು ನಿಲ್ಲಿಸುತ್ತದೆ. ಸೆಕೆಂಡ್‌ನಿಂದ ಥರ್ಡ್‌ಗೆ: ಮೇಲೆ ತಳ್ಳಿ, ನಡುವೆ ಕೈ ಸಡಿಲ ಬಿಡಿ, ಸ್ಪ್ರಿಂಗ್ ಸರಿಸಿಕೊಳ್ಳಲಿ, ಮತ್ತೆ ಮೇಲೆ ತಳ್ಳಿ. ಥರ್ಡ್‌ನಿಂದ ಫೋರ್ತ್‌ಗೆ: ಬೆರಳುಗಳಿಂದ ನೇರ ಕೆಳಗೆ ಎಳೆಯಿರಿ, ಎಡಕ್ಕೆ ಒಂದು ಚೂರೂ ಒತ್ತಡ ಬೇಡ. ನಮ್ಮ ಬಲಗಡೆ ಸ್ಟೀರಿಂಗ್ ಕಾರುಗಳಲ್ಲಿ ಎಡಕ್ಕೆ, ಅಂದರೆ ನಿಮ್ಮಿಂದ ಆಚೆಗೆ ಒತ್ತಿದರೆ ಸೆಕೆಂಡ್ ಸಾಲು ಸಿಗುತ್ತದೆ. ಫೋರ್ತ್‌ನಿಂದ ಫಿಫ್ತ್‌ಗೆ ಮಾತ್ರ ನಿಮ್ಮ ಕಡೆ ಎಳೆದುಕೊಂಡು ಮೇಲೆ ತಳ್ಳಬೇಕು. ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿಕೊಂಡು ನೂರು ಸಲ ಅಭ್ಯಾಸ ಮಾಡಿ.

ರೆವ್ ಲಿಮಿಟರ್ ಒಳಗೆ ಏನು ನಡೆಯುತ್ತದೆ

ಎಂಜಿನ್ನಿಗೆ ಮಿತಿ ಯಾಕೆ ಬೇಕು? 1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನ 2 ಲೀಟರ್ ಎಂಜಿನ್ 9,000 ಆರ್‌ಪಿಎಂವರೆಗೆ ತಿರುಗುತ್ತಿತ್ತು. ಅದರ ಪಿಸ್ಟನ್ ಒಂದು ಸಲಕ್ಕೆ 84 ಮಿಲಿಮೀಟರ್ ಓಡುತ್ತದೆ. 9,000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್. ಆ ವೇಗದಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಸೆಕೆಂಡಿಗೆ 300 ಸಲ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು. ಪ್ರತಿ ಸಲವೂ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಅದನ್ನು ಹಿಡಿದು ಎಳೆಯಬೇಕು. ಈ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6,500ರಿಂದ 7,500ಕ್ಕೆ ಹೋದರೆ ಆರ್‌ಪಿಎಂ ಜಾಸ್ತಿಯಾದದ್ದು ನೂರಕ್ಕೆ 15, ರಾಡ್ ಮೇಲಿನ ಹೊರೆ ಜಾಸ್ತಿಯಾದದ್ದು ನೂರಕ್ಕೆ 33.

ವಾಲ್ವ್‌ಗಳದು ಇನ್ನೊಂದು ಕಥೆ. ತಿರುಗುವ ಕ್ಯಾಮ್‌ನ ಉಬ್ಬು ವಾಲ್ವನ್ನು ಒತ್ತಿ ತೆರೆಯುತ್ತದೆ, ಮುಚ್ಚುವುದು ಸ್ಪ್ರಿಂಗ್ ಕೆಲಸ. ಆರ್‌ಪಿಎಂ ತೀರಾ ಜಾಸ್ತಿಯಾದರೆ ಸ್ಪ್ರಿಂಗ್‌ಗೆ ಕ್ಯಾಮ್ ಹಿಂದೆ ಓಡಲು ಆಗುವುದಿಲ್ಲ, ವಾಲ್ವ್ ಗಾಳಿಯಲ್ಲಿ ತೇಲುತ್ತದೆ. ಇದಕ್ಕೆ ವಾಲ್ವ್ ಫ್ಲೋಟ್ ಅನ್ನುತ್ತಾರೆ. ಅದು ಮುಚ್ಚುವ ಮೊದಲೇ ಪಿಸ್ಟನ್ ಮೇಲೆ ಬಂದರೆ ಎರಡೂ ಡಿಕ್ಕಿ. ತಟ್ಟೆಯಲ್ಲಿರುವ ಆ ಅರ್ಧಚಂದ್ರ ಅದೇ.

ಇದನ್ನು ತಡೆಯುವುದಕ್ಕೆ ಲಿಮಿಟರ್. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ತುದಿಯಲ್ಲಿ ಹಲ್ಲುಗಳಿರುವ ಒಂದು ಚಕ್ರ ಇರುತ್ತದೆ. ಬಹಳ ಕಾರುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಹಲ್ಲು ಬೇಕೆಂದೇ ತೆಗೆದಿರುತ್ತಾರೆ. ಪಕ್ಕದಲ್ಲಿರುವ ಸೆನ್ಸರ್ ಒಂದೊಂದು ಹಲ್ಲು ಹಾದುಹೋದಾಗಲೂ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಒಂದು ಮಿಡಿತ ಕಳಿಸುತ್ತದೆ. ಖಾಲಿ ಜಾಗ ಬಂದಾಗ ಕ್ರ್ಯಾಂಕ್ ಈಗ ಯಾವ ಕೋನದಲ್ಲಿದೆ ಅಂತ ಇಸಿಯುಗೆ ಗೊತ್ತಾಗುತ್ತದೆ. 6,500 ಆರ್‌ಪಿಎಂನಲ್ಲಿ ಈ ಮಿಡಿತ ಸೆಕೆಂಡಿಗೆ 6,000ಕ್ಕೂ ಹೆಚ್ಚು. ನಮ್ಮ ಮುಳ್ಳಿಗೆ ಗೊತ್ತಾಗುವ ಮೊದಲೇ ಇಸಿಯುಗೆ ಗೊತ್ತಾಗಿರುತ್ತದೆ.

ಮಿತಿ 6,800 ಅಂತಿದ್ದರೆ ಅಲ್ಲಿ ಇಸಿಯು ಇಂಜೆಕ್ಟರ್‌ಗಳನ್ನು ನಿಲ್ಲಿಸುತ್ತದೆ. ಪೆಟ್ರೋಲ್ ಇಲ್ಲ, ಎಂಜಿನ್ ಇಳಿಯುತ್ತದೆ. 6,700ಕ್ಕೆ ಬಂದಾಗ ಮತ್ತೆ ಬಿಡುತ್ತದೆ. ನಿಮ್ಮ ಕಾಲು ಇನ್ನೂ ಒತ್ತಿಕೊಂಡೇ ಇದ್ದರೆ ಮತ್ತೆ ಏರುತ್ತದೆ, ಮತ್ತೆ ಕಟ್. ಡಡಡಡ ಅಂತ ಕೇಳಿಸುವ ಸದ್ದು ಇದೇ. ಇದು ಒರಟು ವಿಧಾನ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್‌ಗೂ ನಡುವೆ ಕೇಬಲ್ ಇರುವುದಿಲ್ಲ, ಎಲ್ಲ ಇಸಿಯು ಕೈಯಲ್ಲಿ. ಅದು ಮಿತಿ ಹತ್ತಿರ ಬಂದಾಗ ಥ್ರಾಟಲನ್ನು ಮೆಲ್ಲಗೆ ಮುಚ್ಚುತ್ತದೆ, ಅಥವಾ ಎಲ್ಲ ಸಿಲಿಂಡರ್ ಒಟ್ಟಿಗೆ ನಿಲ್ಲಿಸದೆ ಒಂದೊಂದಾಗಿ ನಿಲ್ಲಿಸುತ್ತದೆ. ಆಗ ಡಡಡಡ ಇರುವುದಿಲ್ಲ, ಕಾರು ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಅಲ್ಲೇ ನಿಲ್ಲುತ್ತದೆ.

ಪೆಟ್ರೋಲ್ ಬಿಟ್ಟು ಸ್ಪಾರ್ಕ್ ನಿಲ್ಲಿಸುವ ವಿಧಾನವೂ ಇದೆ. ಅದರಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ, ಪಟಾಕಿ ಸದ್ದು, ಕೆಲವೊಮ್ಮೆ ಬೆಂಕಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾಗುತ್ತದೆ. ಇಸಿಯು ರಿಮ್ಯಾಪ್ ಮಾಡಿಸಿ, ಅಂದರೆ ಅದರ ಪ್ರೋಗ್ರಾಂ ಬದಲಿಸಿ, ಈ ಸದ್ದು ಹಾಕಿಸಿಕೊಳ್ಳುವ ಹುಡುಗರಿಗೆ ನನ್ನ ನೇರ ಮಾತು: ಬೇಡ. ಅದರಿಂದ ಪಿಕಪ್ ಒಂದು ಚೂರೂ ಜಾಸ್ತಿಯಾಗುವುದಿಲ್ಲ. ಮಿತಿಯನ್ನೇ 500 ಮೇಲೇರಿಸಿಕೊಡುತ್ತೇವೆ ಅಂದರೂ ಒಪ್ಪಬೇಡಿ. ಸ್ಪ್ರಿಂಗ್, ರಾಡ್ ಬೋಲ್ಟ್ ಬದಲಿಸದೆ ಅಂಕಿ ಮಾತ್ರ ಬದಲಿಸಿದರೆ ಎಂಜಿನ್ನಿನ ರಕ್ಷಣೆ ತೆಗೆದುಹಾಕಿದ ಹಾಗೆ.

ಎಲೆಕ್ಟ್ರಾನಿಕ್ಸ್ ಬರುವ ಮೊದಲೂ ಲಿಮಿಟರ್ ಇತ್ತು. ಕೆಲವು ಹಳೇ ಯುರೋಪಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್‌ನಲ್ಲೇ ಒಂದು ಪುಟ್ಟ ತೂಕ, ಒಂದು ಸ್ಪ್ರಿಂಗ್. ಜೋರಾಗಿ ತಿರುಗಿದಾಗ ತೂಕ ಹೊರಕ್ಕೆ ಸರಿದು ಸ್ಪಾರ್ಕನ್ನು ನೆಲಕ್ಕೆ ಕಳಿಸಿಬಿಡುತ್ತಿತ್ತು. ನಮ್ಮ ಹಳೇ ಲಾರಿಗಳ ಡೀಸೆಲ್ ಪಂಪಿನಲ್ಲಿರುವ ಗವರ್ನರ್ ಕೂಡ ತಿರುಗುವ ತೂಕದ ಮೇಲೇ ನಡೆಯುವುದು. ಡೀಸೆಲ್ಲಿಗೆ ಅದು ಇರಲೇಬೇಕು, ಇಲ್ಲದಿದ್ದರೆ ಎಂಜಿನ್ ತನ್ನಷ್ಟಕ್ಕೆ ಓಡಿ ಓಡಿ ಒಡೆದುಹೋಗುತ್ತದೆ.

ಲಿಮಿಟರ್ ಒಂದೆರಡು ಸಲ ಮುಟ್ಟಿದರೆ ಏನೂ ಆಗುವುದಿಲ್ಲ, ಅದನ್ನು ಇಟ್ಟಿರುವುದೇ ಅದಕ್ಕೆ. ಮುಟ್ಟಿತು ಅಂತ ಗೊತ್ತಾದರೆ ಗಾಬರಿಯಾಗಿ ಬ್ರೇಕ್ ಒತ್ತಬೇಡಿ, ಸುಮ್ನೆ ಗೇರ್ ಬದಲಿಸಿ. ಆದರೆ ಅದರ ಮೇಲೇ ನಿಂತು ಓಡಿಸಿದರೆ ಒಂದೊಂದು ಕಟ್ಟಿಗೂ ಗೇರ್ ಬಾಕ್ಸ್, ಡ್ರೈವ್ ಶಾಫ್ಟ್, ಎಂಜಿನ್ ಮೌಂಟ್ ಎಲ್ಲಕ್ಕೂ ಹೊಡೆತ. ಕಾಲೇಜಿನ ಮುಂದೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಲಿಮಿಟರ್ ಬಾರಿಸುವುದಂತೂ ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊರೆ ಇಲ್ಲ, ಎದುರಿನಿಂದ ಗಾಳಿ ಇಲ್ಲ, ಬಿಸಿ ಮಾತ್ರ ಏರುತ್ತದೆ. ಇದಕ್ಕಾಗೇ ಈಗಿನ ಹಲವು ಕಾರುಗಳಲ್ಲಿ ನಿಂತಿರುವಾಗ 4,000ದ ಆಸುಪಾಸಿಗೇ ಮಿತಿ ಇಟ್ಟಿರುತ್ತಾರೆ.

ಲಿಮಿಟರ್ ಕೈಗೆ ಸಿಗದ ಜಾಗ: ಕೆಳಗಿನ ಗೇರ್

ಮತ್ತೆ ಆ ಹುಡುಗನ ಪ್ರಶ್ನೆಗೆ ಬರೋಣ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಪೆಟ್ರೋಲ್ ನಿಲ್ಲಿಸಿದರೆ ನಿಲ್ಲುತ್ತದೆ. ತಪ್ಪು ಗೇರ್ ಹಾಕಿ ಕ್ಲಚ್ ಬಿಟ್ಟಾಗ ಉಲ್ಟಾ. ಆಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಟನ್ನಿಗೂ ಜಾಸ್ತಿ ತೂಕದ ಕಾರು ಓಡುತ್ತಿರುವ ರಭಸ ಪೂರ್ತಿ ಎಂಜಿನ್ ಮೇಲೆ ಬರುತ್ತದೆ. ಇಸಿಯು ಪೆಟ್ರೋಲ್ ನಿಲ್ಲಿಸಿರುತ್ತದೆ, ಅದಕ್ಕೆ ಮಾಡಲು ಇನ್ನೇನೂ ಇಲ್ಲ.

ನಮ್ಮ ಲೆಕ್ಕದ ಕಾರಿನಲ್ಲಿ ಥರ್ಡ್‌ನಲ್ಲಿ 6,500 ಇದ್ದಾಗ ಸೆಕೆಂಡ್ ಬಿದ್ದರೆ ಎಷ್ಟು? 6,500 ಗುಣಿಸು 1.95, ಭಾಗಿಸು 1.35. ಉತ್ತರ 9,390. ಮಿತಿ 6,800 ಇರುವ ಎಂಜಿನ್ 9,390ಕ್ಕೆ ತಿರುಗಿತು.

ಇದನ್ನು ತಪ್ಪಿಸಲು ಒಂದು ಚೀಟಿ ಮಾಡಿಕೊಳ್ಳಿ. ಪ್ರತಿ ಗೇರ್‌ನಲ್ಲಿ ಕೆಂಪು ಗೆರೆಗೆ ವೇಗ ಎಷ್ಟಾಗುತ್ತದೆ ಅಂತ ಮೊದಲೇ ಅಳೆದ ಅಂಕಿಯಿಂದ ಸಿಗುತ್ತದೆ. 60ರ ವೇಗಕ್ಕೆ ಸೆಕೆಂಡ್‌ನಲ್ಲಿ 4,040 ಅಂದರೆ 6,500ಕ್ಕೆ 96 ಕಿಲೋಮೀಟರ್. ಥರ್ಡ್‌ನಲ್ಲಿ 139. ಈಗ ನಿಯಮ ಏನು? 96ಕ್ಕಿಂತ ಜಾಸ್ತಿ ವೇಗದಲ್ಲಿ ಸೆಕೆಂಡ್ ಮುಟ್ಟುವಂತಿಲ್ಲ. ನಾನು ಅದರಲ್ಲೂ 20 ಚಿಲ್ಲರೆ ಕಳೆದು 75 ಅಂತ ಇಟ್ಟುಕೊಳ್ಳುತ್ತೇನೆ. ಮೊದಲು ಬ್ರೇಕ್, ವೇಗ ಇಳಿದ ಮೇಲೆ ಗೇರ್. ಯಾವತ್ತೂ ಇದೇ ಕ್ರಮ.

ಕೆಳಗಿನ ಗೇರ್ ಹಾಕುವಾಗ ಕ್ಲಚ್ ಒತ್ತಿರುವ ಹೊತ್ತಿನಲ್ಲೇ ಆಕ್ಸಿಲರೇಟರನ್ನು ಒಮ್ಮೆ ಚಿಮ್ಮಿಸಿ. ಥರ್ಡ್‌ನಲ್ಲಿ 3,000 ಇತ್ತು ಅಂದರೆ ಸೆಕೆಂಡ್‌ಗೆ 4,300 ಬೇಕು, ಅಷ್ಟು ಏರಿಸಿ ಕ್ಲಚ್ ಬಿಟ್ಟರೆ ಜರ್ಕ್ ಇಲ್ಲದೆ ಕೂರುತ್ತದೆ. ಬ್ರೇಕ್ ಒತ್ತಿಕೊಂಡೇ ಅದೇ ಪಾದದ ಅಂಚಿನಿಂದ ಇದನ್ನು ಮಾಡುವುದಕ್ಕೆ ಹೀಲ್ ಅಂಡ್ ಟೋ ಅನ್ನುತ್ತಾರೆ. ಕಲಿಯಲು ತಿಂಗಳುಗಟ್ಟಲೆ ಬೇಕು. ಬ್ರೇಕ್ ಮೇಲಿನ ಒತ್ತಡ ಒಂದೇ ಸಮ ಇರಬೇಕು, ಅಲ್ಲೇ ಎಲ್ಲರೂ ತಡವರಿಸುವುದು.

ಸ್ಟೀರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇರುವ ಆಟೊಮ್ಯಾಟಿಕ್ ಕಾರುಗಳಲ್ಲಿ ಈ ಭಯ ಕಡಿಮೆ. ಆರ್‌ಪಿಎಂ ಮಿತಿ ದಾಟುವ ಹಾಗಿದ್ದರೆ ಗೇರ್ ಬಾಕ್ಸ್ ನಿಮ್ಮ ಮಾತು ಕೇಳುವುದಿಲ್ಲ. ಕೆಲವು ಕಾರುಗಳು ಮ್ಯಾನ್ಯುಯಲ್ ಮೋಡ್‌ನಲ್ಲೂ ಲಿಮಿಟರ್ ಬಂದಾಗ ತಾವೇ ಮೇಲಿನ ಗೇರ್ ಹಾಕಿಕೊಳ್ಳುತ್ತವೆ. ನಿಮ್ಮದು ಯಾವ ತರ ಅಂತ ತಿರುವಿನ ನಡುವೆ ಗೊತ್ತಾಗುವ ಬದಲು ನೇರ ರಸ್ತೆಯಲ್ಲಿ ಮೊದಲೇ ತಿಳಿದುಕೊಳ್ಳಿ.

ಎಲ್ಲಿ ಅಭ್ಯಾಸ ಮಾಡಬೇಕು

ಫಸ್ಟ್ ಮತ್ತು ಸೆಕೆಂಡ್‌ನ ಅಭ್ಯಾಸ ನಮ್ಮ ರಸ್ತೆಗಳಲ್ಲೇ, ಬೋರ್ಡ್‌ನಲ್ಲಿರುವ ವೇಗದೊಳಗೆ ಮಾಡಬಹುದು. ಥರ್ಡ್‌ನಲ್ಲಿ ಕೆಂಪು ಮುಟ್ಟಿಸುವುದು ಅಂದರೆ 139, ಅದಕ್ಕೆ ಹೆದ್ದಾರಿ 48 ಜಾಗವಲ್ಲ. ಲಾರಿ ಸಾಲು, ಡಿವೈಡರ್ ಸಂದಿಯಲ್ಲಿ ನುಗ್ಗುವ ಬೈಕು, ಶಿರಾ ಕಡೆ ಹೋಗುವಾಗ ರಸ್ತೆ ದಾಟುವ ಕುರಿ ಮಂದೆ, ಎಲ್ಲ ನಿಮಗೂ ಗೊತ್ತು. ಅದಕ್ಕೆ ಟ್ರ್ಯಾಕ್ ಇದೆ. ಚೆನ್ನೈ ಹತ್ತಿರ ಇರುಂಗಾಟುಕೋಟೈನಲ್ಲಿ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ. ಸ್ನೇಹಿತರು ಸೇರಿ ಒಂದು ಟ್ರ್ಯಾಕ್ ಡೇಗೆ ಹೋಗಿಬಂದರೆ ರಸ್ತೆಯಲ್ಲಿ ವರ್ಷಗಟ್ಟಲೆ ಕಲಿಯದ್ದನ್ನು ಒಂದೇ ದಿನದಲ್ಲಿ ಕಲಿಯುತ್ತೀರಿ.

ದೇವರಾಯನದುರ್ಗದ ರಸ್ತೆ ಕಲಿಸುವುದು ಬೇರೆಯದು. ನಾಮದ ಚಿಲುಮೆ ದಾಟಿ ಏರು ಶುರುವಾದ ಮೇಲೆ ಕೆಂಪು ಗೆರೆಯ ಯೋಚನೆ ಬಿಟ್ಟುಬಿಡಿ. ಅಲ್ಲಿ ಬೇಕಾಗಿರುವುದು ಸರಿಯಾದ ಗೇರ್ ಮೊದಲೇ ಹಾಕಿರುವುದು. ತಿರುವಿಗೆ ಮೊದಲು ಸೆಕೆಂಡ್, ತಿರುವಿನಲ್ಲಿ ಕ್ಲಚ್ ಮುಟ್ಟಬೇಡಿ, 3,000-4,000ದಲ್ಲಿ ಹಿಡಿದುಕೊಂಡು ಹೊರಬನ್ನಿ, ರಸ್ತೆ ನೇರವಾದ ಮೇಲೆ ಥರ್ಡ್. ಫೋರ್ತ್‌ನಲ್ಲಿ 1,300ಕ್ಕೆ ಬಿದ್ದ ಎಂಜಿನ್ನಿಗೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಏರು ಹತ್ತಿಸುವುದು ಕೆಂಪು ಮುಟ್ಟಿಸುವುದಕ್ಕಿಂತ ಕೆಟ್ಟದ್ದು, ಅದರಲ್ಲೂ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ. ಕಡಿಮೆ ಆರ್‌ಪಿಎಂ, ಜಾಸ್ತಿ ಹೊರೆ ಇದ್ದಾಗ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ತಾನಾಗೇ ಹೊತ್ತಿಕೊಳ್ಳಬಹುದು, ಒಂದೇ ಹೊಡೆತಕ್ಕೆ ಪಿಸ್ಟನ್ ಒಡೆಯುವಷ್ಟು ಬಲ ಅದಕ್ಕಿದೆ. ಮೈಲೇಜ್ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡವರಿದ್ದಾರೆ.

ಮೇಲೆ ಯೋಗಾನರಸಿಂಹನ ಗುಡಿ ಹತ್ತಿರ ನಿಲ್ಲಿಸಿದಾಗ ಟರ್ಬೊ ಕಾರಾದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಇಳಿಯುವಾಗ ಹತ್ತಿದ ಗೇರ್‌ನಲ್ಲೇ ಇಳಿಯಿರಿ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನುವುದು ತಪ್ಪು ಲೆಕ್ಕ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಸಿಯು ಇಂಜೆಕ್ಟರ್ ಪೂರ್ತಿ ನಿಲ್ಲಿಸಿರುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಪೆಟ್ರೋಲ್ ಕೊಡಲೇಬೇಕಾಗುತ್ತದೆ. ಚಕ್ರ ಎಂಜಿನ್ನನ್ನು ತಿರುಗಿಸುತ್ತಿದೆ, ಪೆಟ್ರೋಲ್ ಇಲ್ಲ. ಆ ಹುಡುಗನ ಕಾರಿನಲ್ಲಿ ನಡೆದದ್ದೂ ಇದೇ, ಇಲ್ಲಿ ಮಾತ್ರ ಅದು 3,000 ಆರ್‌ಪಿಎಂನಲ್ಲಿ ನಡೆಯುತ್ತದೆ, ನಿಮ್ಮ ಬ್ರೇಕ್ ತಣ್ಣಗಿರುತ್ತದೆ, ತಿರುವಿನಲ್ಲಿ ಕೂತಿರುವ ಕೋತಿಗಳಿಗೆ ಎದ್ದು ಹೋಗಲು ಸಮಯ ಇರುತ್ತದೆ.